ಲ್ಯಾಪ್‌ಟಾಪ್ ನೋಡಿ ಆಟ ಆರಿಸೋಣ

 

ಹೋದ ಸಲದ ಗೋಡೆ ಪತ್ರಿಕೆಯಲ್ಲಿ ‘ವಿಡಿಯೋ ಗೇಮ್ ಆಡುವವರು ಹಾಳಾಗುತ್ತಾರೆ’ ಎಂಬ ಲೇಖನ ಬಂದಿತ್ತು. ಅದನ್ನು ಓದಿ ನಮ್ಮ ವರ್ಗದಲ್ಲಿ ಎರಡು ಪಾರ್ಟಿ ಆದವು. ಒಂದು ಪಾರ್ಟಿಯವರು ಗೇಮ್ ಅನ್ನೋದೇ ಬ್ಯಾಡ ಅಂದರು. ಇನ್ನೊಂದು ಪಾರ್ಟಿಯವರು ‘ಆಡಿದರ ಹೊಸಾ ದೊಡ್ಡ ಗೇಮ್ ಆಡಬೇಕು, ಉಳಿದವು ಸಣ್ಣ ಹುಡುಗರವು’ ಅಂದರು. ನನಗೆ ಈ ಎರಡೂ ಮಾತು ಸರಿ ಅನಿಸಲಿಲ್ಲ. ನನ್ನ ಅಭಿಪ್ರಾಯ ಏನಂದರೆ, ನಮ್ಮಂಥವರ ಮನೆಯಲ್ಲಿ ಇರುವ ಸಾದಾ ಲ್ಯಾಪ್‌ಟಾಪಿನಲ್ಲಿ ಚೆಂದಾಗಿ ಓಡುವ ಒಳ್ಳೆಯ ಆಟಗಳು ಸಾಕಷ್ಟು ಇವೆ. ಅವನ್ನು ಆರಿಸುವುದು ಕಲಿಯಬೇಕು. ಆರಿಸಲಿಕ್ಕೆ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಅನುಭವಿಸಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ. ನಗಬಾರದು.

ನಮ್ಮ ಅಕ್ಕ ಸಿಂದಗಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಸೋಲಾಪುರದಲ್ಲಿ ಕೆಲಸ ಮಾಡುವ ನಮ್ಮ ಸೋದರಮಾವ ಅವಳಿಗೆ ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಂದುಕೊಟ್ಟಿದ್ದಾನೆ. ಅಕ್ಕ ಇಲ್ಲದಾಗ ಅದು ನನ್ನ ಕೈಯಲ್ಲಿ ಇರುತ್ತದೆ. ಹೋದ ವರ್ಷ ದಸರೆ ಸೂಟಿಯಲ್ಲಿ ಒಬ್ಬ ಹುಡುಗ ಪೆನ್‌ಡ್ರೈವಿನಲ್ಲಿ ಒಂದು ದೊಡ್ಡ ಗೇಮ್ ತಂದ. ಅದು ರೊಕ್ಕ ಕೊಟ್ಟು ತಂದದ್ದಲ್ಲ, ಕದ್ದ ಪ್ರತಿ. ‘ಮೊದಲ ಆಂಟಿವೈರಸ್ ಬಂದ್ ಮಾಡು, ಇಲ್ಲಂದರ ಇದು ಕೂಡೂದಿಲ್ಲ’ ಅಂದ. ನಾನು ಬಂದ್ ಮಾಡಿದೆ. ಸಂಜೆ ನಾಲ್ಕಕ್ಕೆ ಹಚ್ಚಿದ್ದು ರಾತ್ರಿ ಊಟದ ಹೊತ್ತಿಗೆ ಮುಗಿಯಿತು. ಆಟ ಚಾಲೂ ಮಾಡಿದರೆ ಹತ್ತು ನಿಮಿಷ ಕಪ್ಪು ಪರದೆ. ಆಮೇಲೆ ಚಿತ್ರ ಬಂತು. ಮನುಷ್ಯ ಒಂದು ಹೆಜ್ಜೆ ಇಡುವುದರೊಳಗೆ ನಾನು ಒಂದು ಗುಟುಕು ಚಹಾ ಕುಡಿಯಬಹುದಿತ್ತು. ಲ್ಯಾಪ್‌ಟಾಪ್ ಹಂಚಿನಂಗ ಕಾದಿತ್ತು.

ಮರುದಿನ ಅಕ್ಕ ತೆಗೆದು ನೋಡಿದರೆ ಅವಳು ಕಾಲೇಜಿಗೆ ಬರೆದಿಟ್ಟ ಒಂದು ಫೈಲೂ ತೆರೆಯಲಿಲ್ಲ. ಅಂಗಡಿಯವರು ‘ವೈರಸ್ ಬಂದೈತಿ, ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು’ ಎಂದರು. ಅದಕ್ಕೆ ಐನೂರು ರೂಪಾಯಿ ಹೋಯಿತು. ಅಕ್ಕ ನನಗೆ ಬೈಯಲಿಲ್ಲ. ಎರಡು ರಾತ್ರಿ ಕುಂತು ಮೊದಲಿನಿಂದ ಟೈಪ್ ಮಾಡಿದಳು. ಬೈದಿದ್ದರ ಛಲೋ ಇತ್ತು ಅಂತ ನನಗೆ ಅನಿಸಿತು.

ಅಷ್ಟಕ್ಕೂ ನನಗೆ ಬುದ್ಧಿ ಬರಲಿಲ್ಲ. ಅಕ್ಕನ ಲ್ಯಾಪ್‌ಟಾಪೇ ಖರಾಬು, ಗೇಮಿನ ಲ್ಯಾಪ್‌ಟಾಪ್ ಬೇರೆ ಇರತಾವ, ಅರವತ್ತು ಸಾವಿರಕ್ಕೆ ಬರತೈತಿ, ಕೊಡಿಸು ಎಂದು ಅಪ್ಪನಿಗೆ ಗಂಟು ಬಿದ್ದೆ. ಅಪ್ಪ ಇಲ್ಲ ಅನ್ನಲಿಲ್ಲ. ‘ತೊಗರಿ ಮಾರಿದ ಮ್ಯಾಲ ನೋಡೂಣು ತಮ್ಮಾ’ ಎಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು.

ಅವತ್ತು ರಾತ್ರಿ ನಾನು ರಫ್ ವಹಿಯಲ್ಲಿ ಲೆಕ್ಕ ಮಾಡಿದೆ. 2025-26ಕ್ಕೆ ಕೇಂದ್ರ ಸರಕಾರ ತೊಗರಿಗೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. 60,000 ಭಾಗಿಸು 8,000 ಅಂದರೆ ಏಳೂವರೆ ಕ್ವಿಂಟಲ್. ನಮ್ಮ ಹೊಲದಲ್ಲಿ ಮಳೆ ಸರಿಯಾಗಿ ಆದರೆ ಎಕರೆಗೆ ಮೂರು-ನಾಲ್ಕು ಚೀಲ ಬರುತ್ತದೆ. ಅಂದರೆ ಎರಡು ಎಕರೆ ತೊಗರಿಯನ್ನು ಪೂರಾ ಒಂದು ಆಟಕ್ಕೆ ಕೊಟ್ಟಂಗ. ಬೀಜ, ಗೊಬ್ಬರ, ಎಣ್ಣೆ, ಆಳಿನ ಪಗಾರ ಎಲ್ಲಿಂದ? ಅಕ್ಕನ ಫೀ ಎಲ್ಲಿಂದ? ಲೆಕ್ಕ ಮುಗಿದ ಮೇಲೆ ನಿದ್ದೆ ಹತ್ತಲಿಲ್ಲ. ಆವಾಗ ನಾನು ಪ್ರಶ್ನೆಯನ್ನು ಉಲ್ಟಾ ಕೇಳಿಕೊಂಡೆ. ಈ ಆಟಕ್ಕೆ ಎಂಥ ಲ್ಯಾಪ್‌ಟಾಪ್ ತರಬೇಕು ಎಂದು ಕೇಳುವುದು ಬಿಟ್ಟು, ಈ ಲ್ಯಾಪ್‌ಟಾಪಿಗೆ ಎಂಥ ಆಟ ತರಬೇಕು ಎಂದು ಕೇಳಿದರೆ ಹೇಗೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ.

ಸೋದರಮಾವನನ್ನೂ ಅಕ್ಕನನ್ನೂ ಕೇಳಿ, ನಾನೇ ಮಾಡಿ ನೋಡಿ ಕಲಿತದ್ದನ್ನು ಕೆಳಗೆ ಬರೆದಿದ್ದೇನೆ.

ಮೊದಲನೆಯ ಮಾತು: ಲ್ಯಾಪ್‌ಟಾಪಿನ ಒಳಗೆ ಏನಿದೆ ಎಂದು ತಿಳಿಯಬೇಕು

ನಮ್ಮ ಹೊಲದ ಉದಾಹರಣೆ ಕೊಟ್ಟು ಹೇಳುತ್ತೇನೆ. ಹಾರ್ಡ್‌ಡಿಸ್ಕ್ ಅಂದರೆ ಹಗೇವು ಇದ್ದಂಗ. ಎಲ್ಲಾ ಕಾಳು ಅಲ್ಲಿ ತುಂಬಿ ಇಡುತ್ತಾರೆ. ರ್‍ಯಾಮ್ ಅಂದರೆ ಕಣ ಇದ್ದಂಗ. ಈಗ ರಾಶಿ ಮಾಡಲಿಕ್ಕೆ ಎಷ್ಟು ಹರವಬೇಕೋ ಅಷ್ಟನ್ನು ಕಣದಲ್ಲಿ ಹರವುತ್ತೇವೆ. ಪ್ರೊಸೆಸರ್ ಅಂದರೆ ದುಡಿಯುವ ಎತ್ತು. ಹಗೇವು ಎಷ್ಟೇ ದೊಡ್ಡದಿರಲಿ, ಕಣ ಸಣ್ಣದಿದ್ದರೆ ರಾಶಿ ತಡ ಆಗುತ್ತದೆ. ‘ನಮ್ಮದು ಐನೂರು ಜಿಬಿ ಲ್ಯಾಪ್‌ಟಾಪ್’ ಎಂದು ನಮ್ಮ ಗೆಳೆಯರು ಹೇಳುವುದು ಹಗೇವಿನ ಮಾತು. ಆಟಕ್ಕೆ ಕಣವೂ ಬೇಕು, ಎತ್ತೂ ಬೇಕು.

ಅಕ್ಕನ ಲ್ಯಾಪ್‌ಟಾಪಿನಲ್ಲಿ 4 ಜಿಬಿ ರ್‍ಯಾಮ್ ಇದೆ. ಅದರಲ್ಲಿ ಸುಮಾರು ಅರ್ಧ ವಿಂಡೋಸ್‌ಗೇ ಹೋಗುತ್ತದೆ. ಇನ್ನೊಂದು ಮಾತು. ಗೇಮಿನ ಲ್ಯಾಪ್‌ಟಾಪಿನಲ್ಲಿ ಚಿತ್ರ ಬಿಡಿಸುವುದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ, ಅದಕ್ಕೆ ತನ್ನದೇ ಮೆಮೊರಿ ಇರುತ್ತದೆ. ಸಾದಾ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಪ್ರೊಸೆಸರಿನ ಒಳಗೇ ಇರುತ್ತದೆ, ಅದು ಅದೇ ರ್‍ಯಾಮಿನಲ್ಲಿ ಪಾಲು ಕೇಳುತ್ತದೆ. ಒಂದೇ ಕಣದಲ್ಲಿ ಅಣ್ಣ-ತಮ್ಮ ಇಬ್ಬರೂ ರಾಶಿ ಹಾಕಿದಂಗ.

ನಿಮ್ಮದರಲ್ಲಿ ಎಷ್ಟಿದೆ ಎಂದು ನೋಡಲಿಕ್ಕೆ ವಿಂಡೋಸ್ ಗುರುತಿನ ಕೀ ಮತ್ತು ಆರ್ ಕೀ ಕೂಡಿಸಿ ಒತ್ತಬೇಕು. ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ಡಿ, ಎಕ್ಸ್, ಡಿ, ಐ, ಎ, ಜಿ ಎಂದು ಒತ್ತಿ ಎಂಟರ್ ಒತ್ತಿದರೆ ಪ್ರೊಸೆಸರ್, ರ್‍ಯಾಮ್, ಗ್ರಾಫಿಕ್ಸ್ ಎಲ್ಲದರ ಹೆಸರು ಕಾಣುತ್ತದೆ. ಅದನ್ನು ವಹಿಯಲ್ಲಿ ಬರೆದಿಟ್ಟುಕೊಳ್ಳಿರಿ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ.

ಎರಡನೆಯ ಮಾತು: ಆಟದ ಬೇಡಿಕೆ ಓದಬೇಕು

ಬಹಳಷ್ಟು ಆಟಗಳ ಜೊತೆ ಎರಡು ಪಟ್ಟಿ ಕೊಡುತ್ತಾರೆ. ಒಂದು ಕನಿಷ್ಠ, ಇನ್ನೊಂದು ಶಿಫಾರಸು. ಕನಿಷ್ಠ ಅಂದರೆ ನಮ್ಮ ಪರೀಕ್ಷೆಯ ಪಾಸಿನ ಅಂಕ ಇದ್ದಂಗ. ಪಾಸೇನೋ ಆಗುತ್ತದೆ, ಆದರೆ ಮನೆಯಲ್ಲಿ ಹೇಳಿಕೊಳ್ಳುವಂಗ ಇರುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್ ಎರಡನೆಯ ಪಟ್ಟಿಗೆ ಸಮ ಇದ್ದರೆ ಮಾತ್ರ ಆಟ ಚೆಂದಾಗಿ ಓಡುತ್ತದೆ ಎಂದು ತಿಳಿಯಬೇಕು.

ಎರಡು ಆಟ ಹೋಲಿಸಿ ತೋರಿಸುತ್ತೇನೆ. ‘ಜಿಟಿಎ 5’ ಎಂಬ ಆಟದ ಹೆಸರು ನೀವೆಲ್ಲಾ ಕೇಳಿದ್ದೀರಿ. ಅದು ಕಂಪ್ಯೂಟರಿಗೆ ಬಂದದ್ದು 2015ರಲ್ಲಿ. ಅದರ ಕನಿಷ್ಠ ಪಟ್ಟಿಯಲ್ಲೇ 4 ಜಿಬಿ ರ್‍ಯಾಮ್ ಮತ್ತು ಬೇರೆ ಗ್ರಾಫಿಕ್ಸ್ ಕಾರ್ಡ್ ಇವೆ. ಜಾಗ 65 ಜಿಬಿಗಿಂತ ಹೆಚ್ಚು ಬೇಕು. ನಮ್ಮ ಮನೆಯ ಮೊಬೈಲಿಗೆ ದಿನಕ್ಕೆ ಒಂದೂವರೆ ಜಿಬಿ ಬರುತ್ತದೆ. 65 ಜಿಬಿ ಇಳಿಸಬೇಕಾದರೆ 44 ದಿನ ಬೇಕು. ಅಲ್ಲಿಯತನಕ ಮನೆಯಲ್ಲಿ ಯಾರೂ ಮೊಬೈಲ್ ಮುಟ್ಟಬಾರದು. ಮ್ಯಾಲ ಅದು ಯುರೋಪದಲ್ಲಿ 18 ವರ್ಷ ತುಂಬಿದವರಿಗೆ ಎಂದು ಗುರುತು ಹಾಕಿದ ಆಟ. ನಮಗೆ ಹದಿಮೂರು.

ಇನ್ನೊಂದು ಆಟ ‘ಸ್ಟಾರ್‌ಡ್ಯೂ ವ್ಯಾಲಿ’. 2016ರಲ್ಲಿ ಬಂತು. ಅಮೆರಿಕದ ಎರಿಕ್ ಬರೋನ್ ಎಂಬಾತ ಒಬ್ಬನೇ ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಕುಂತು ಅದನ್ನು ಮಾಡಿದ. ಚಿತ್ರ, ಸಂಗೀತ, ಕಥೆ ಎಲ್ಲಾ ಅವನದೇ. ಅದರ ಕನಿಷ್ಠ ಪಟ್ಟಿಯಲ್ಲಿ 2 ಜಿಬಿ ರ್‍ಯಾಮ್, ಜಾಗ 500 ಎಂಬಿ ಎಂದು ಇದೆ. ಒಂದು ದಿನದ ನೆಟ್ಟಿನ ಮೂರನೆಯ ಒಂದು ಪಾಲು. ಆ ಆಟದಲ್ಲಿ ಏನು ಮಾಡುತ್ತಾರೆ ಗೊತ್ತೇನು? ಒಕ್ಕಲುತನ! ಪಾಳು ಬಿದ್ದ ಹೊಲ ಹಸನ ಮಾಡಬೇಕು, ಬೀಜ ಹಾಕಬೇಕು, ನೀರು ಬಿಡಬೇಕು, ಹಂಗಾಮು ತಪ್ಪಿದರೆ ಬೆಳೆ ಒಣಗುತ್ತದೆ. ಅದು ಜಗತ್ತಿನಲ್ಲಿ 4 ಕೋಟಿ ಪ್ರತಿಗಿಂತ ಹೆಚ್ಚು ಮಾರಾಟ ಆಗಿದೆ. ನಾವು ದಿನಾ ಮಾಡುವ ಕೆಲಸವನ್ನು ಪ್ಯಾಟಿ ಮಂದಿ ರೊಕ್ಕ ಕೊಟ್ಟು ಆಡುತ್ತಾರೆ ಎಂದು ಹೇಳಿದಾಗ ಅಪ್ಪ ಬಹಳ ನಕ್ಕ. ಅದು ಪುಕ್ಕಟೆ ಆಟ ಅಲ್ಲ, ಕೊಳ್ಳಬೇಕು. ನಾನು ಸೋದರಮಾವನ ಮನೆಯಲ್ಲಿ ಆಡಿ ನೋಡಿದ್ದೇನೆ. ದೊಡ್ಡ ಆಟ ಅಂದರೆ ದೊಡ್ಡ ಫೈಲ್ ಅಲ್ಲ ಎಂದು ತೋರಿಸಲಿಕ್ಕೆ ಇದನ್ನು ಹೇಳಿದೆ.

ಮೂರನೆಯ ಮಾತು: ಪುಕ್ಕಟೆ ಆಟ ಇದ್ದಾಗ ಕಳ್ಳ ಆಟ ಯಾಕೆ?

‘ಆಂಟಿವೈರಸ್ ಬಂದ್ ಮಾಡು’ ಎಂದು ಹೇಳುವ ಆಟ ಅಂದರೆ, ‘ಮೊದಲ ನಿಮ್ಮ ನಾಯಿ ಕಟ್ಟಿ ಹಾಕ್ರಿ, ಆಮ್ಯಾಲ ನಾವು ಒಳಗ ಬರತೀವಿ’ ಎಂದು ಕಳ್ಳರು ಹೇಳಿದಂಗ. ನಾನು ಕಟ್ಟಿ ಹಾಕಿ ಕೆಟ್ಟೆ. ಮಾಡಿದವರೇ ಪುಕ್ಕಟೆ ಕೊಟ್ಟ ಆಟಗಳು ಬೇಕಾದಷ್ಟು ಇವೆ. ಅವನ್ನು ಮಾಡಿದವರ ಸ್ವಂತ ಜಾಲತಾಣದಿಂದಲೇ ಇಳಿಸಬೇಕು. ಅಕ್ಕನ ಲ್ಯಾಪ್‌ಟಾಪಿನಲ್ಲಿ ನಾನು ನೋಡಿದವು ಇವು.

‘ಸೂಪರ್‌ಟಕ್ಸ್‌ಕಾರ್ಟ್’: ಗಾಡಿ ಓಡಿಸುವ ಪಂದ್ಯ. ಪೆಂಗ್ವಿನ್ ಮೊದಲಾದ ಪ್ರಾಣಿಗಳು ಗಾಡಿ ಹೊಡೆಯುತ್ತವೆ. ಒಂದೇ ಕೀಬೋರ್ಡಿನಲ್ಲಿ ಇಬ್ಬರು ಕೂಡಿ ಆಡಬಹುದು, ಪರದೆ ಎರಡು ಭಾಗ ಆಗುತ್ತದೆ. ಗ್ರಾಫಿಕ್ಸ್ ಕಡಿಮೆಗೆ ಇಟ್ಟರೆ ನಮ್ಮದರಲ್ಲಿ ಚೆಂದ ಓಡುತ್ತದೆ. ನಾನೂ ಅಕ್ಕನೂ ಆಡುತ್ತೇವೆ. ಅಕ್ಕನೇ ಹೆಚ್ಚು ಗೆಲ್ಲುತ್ತಾಳೆ.

‘ಲುವಾಂಟಿ’: ಇದರ ಮೊದಲಿನ ಹೆಸರು ಮೈನ್‌ಟೆಸ್ಟ್, 2024ರಲ್ಲಿ ಹೆಸರು ಬದಲಾಯಿತು. ಚೌಕ ಚೌಕ ಕಲ್ಲಿನಿಂದ ಮನೆ, ಕೋಟೆ, ಬಾವಿ ಏನು ಬೇಕಾದರೂ ಕಟ್ಟಬಹುದು. ಬಹಳ ಸಣ್ಣ ಫೈಲು. ಆದರೆ ಅದನ್ನು ಹಾಕಿದ ಮೇಲೆ ಅದರೊಳಗಿನಿಂದ ಬೇಕಾದ ಆಟವನ್ನು ಮತ್ತೆ ಇಳಿಸಿಕೊಳ್ಳಬೇಕು. ದೂರದ ದೃಶ್ಯ ಕಡಿಮೆ ಇಟ್ಟರೆ ವೇಗ ಹೆಚ್ಚುತ್ತದೆ. ನಾನು ಇದರಲ್ಲಿ ವಿಜಯಪುರದ ಗೋಲಗುಮ್ಮಟ ಕಟ್ಟುತ್ತಿದ್ದೇನೆ. ನಾಲ್ಕು ಮೂಲೆಯ ಗೋಪುರ ಆಗಿವೆ, ಗುಮ್ಮಟ ದುಂಡಗೆ ಬರವಲ್ಲದು.

‘ಟಕ್ಸ್ ಟೈಪಿಂಗ್’ ಮತ್ತು ‘ಟಕ್ಸ್ ಮ್ಯಾಥ್’: ಮೊದಲನೆಯದರಲ್ಲಿ ಅಕ್ಷರ ಹೊತ್ತ ಮೀನು ಮೇಲಿನಿಂದ ಬೀಳುತ್ತವೆ, ಆ ಕೀ ಒತ್ತಿದರೆ ಪೆಂಗ್ವಿನ್ ತಿನ್ನುತ್ತದೆ. ಎರಡನೆಯದರಲ್ಲಿ ಲೆಕ್ಕ ಹೊತ್ತ ಧೂಮಕೇತು ಬೀಳುತ್ತವೆ, ಉತ್ತರ ಹೊಡೆದರೆ ಅವು ಒಡೆಯುತ್ತವೆ. ಬಹಳ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತವೆ. ಸಣ್ಣವರಿಗೆ ‘ಜಿಕಾಂಪ್ರಿ’ ಎಂಬುದಿದೆ, ಅದರೊಳಗೆ ನೂರಕ್ಕೂ ಹೆಚ್ಚು ಆಟಗಳು.

‘0 ಎ.ಡಿ.’: ಹಳೆಯ ಕಾಲದ ರಾಜ್ಯಗಳ ಯುದ್ಧದ ಆಟ. ಇದರಲ್ಲಿ ನಮ್ಮ ಮೌರ್ಯರೂ ಇದ್ದಾರೆ, ಆನೆ ದಂಡು ಇದೆ. ಆದರೆ ಒಂದು ಎಚ್ಚರಿಕೆ. ಫೈಲ್ ಒಂದು ಜಿಬಿಗಿಂತ ಹೆಚ್ಚು. ಮೊದಲು ಚೆಂದ ಓಡುತ್ತದೆ, ಸೈನ್ಯ ದೊಡ್ಡದಾದಂಗ ನಿಧಾನ ಆಗುತ್ತದೆ, ಯಾಕಂದರೆ ಪ್ರತಿ ಸೈನಿಕ ಎಲ್ಲಿ ನಡೆಯಬೇಕು ಎಂದು ಪ್ರೊಸೆಸರೇ ಲೆಕ್ಕ ಮಾಡಬೇಕು. ಸಣ್ಣ ನಕ್ಷೆ, ಸಣ್ಣ ಸೈನ್ಯ ಇಟ್ಟು ಆಡಬೇಕು. ಮೊದಲ ಐದು ನಿಮಿಷ ನೋಡಿ ಆಟ ಓಡುತ್ತದೆ ಎಂದು ಹೇಳಬಾರದು ಎಂದು ಇದರಿಂದ ಕಲಿತೆ.

ನಾಲ್ಕನೆಯ ಮಾತು: ಓಡದಿದ್ದರೆ ಬೈಯುವ ಮೊದಲು ಇಷ್ಟು ಮಾಡಿರಿ

ನಾವು ನೋಟ್‌ಬುಕ್ಕಿನ ಮೂಲೆಯಲ್ಲಿ ಒಂದೊಂದು ಹಾಳೆಗೆ ಒಂದೊಂದು ಚಿತ್ರ ಬರೆದು ಪಟಪಟ ಬಿಡುತ್ತೇವಲ್ಲ, ಆಟದ ಚಿತ್ರವೂ ಹಾಗೆಯೇ. ಸೆಕೆಂಡಿಗೆ 30 ಚಿತ್ರ ಬಂದರೆ ಆಡಬಹುದು, 60 ಬಂದರೆ ನುಣುಪು. ಹತ್ತು-ಹನ್ನೆರಡು ಬಂದರೆ ಕುಂಟು ಎತ್ತು ನಡೆದಂಗ.

ಅಕ್ಕನ ಲ್ಯಾಪ್‌ಟಾಪಿನ ಪರದೆಯಲ್ಲಿ ಅಡ್ಡ 1366, ಉದ್ದ 768 ಚುಕ್ಕೆ ಇವೆ. ಗುಣಿಸಿದರೆ 10,49,088. ಸೆಕೆಂಡಿಗೆ 30 ಸಲ ಬರೆಯಬೇಕಾದರೆ ಮೂರು ಕೋಟಿಗಿಂತ ಹೆಚ್ಚು ಚುಕ್ಕೆ! ಆಟದ ಸೆಟ್ಟಿಂಗಿನಲ್ಲಿ 800 ಗುಣಿಸು 600 ಎಂದು ಇಟ್ಟರೆ 4,80,000 ಚುಕ್ಕೆ ಆಯಿತು. ಅರ್ಧಕ್ಕಿಂತ ಕಡಿಮೆ ಕೆಲಸ. ಚಿತ್ರ ಸ್ವಲ್ಪ ಮಸುಕಾಗುತ್ತದೆ, ಆದರೆ ಆಟ ಓಡುತ್ತದೆ. ನೆರಳು, ನೀರಿನ ಹೊಳಪು ಇವನ್ನೂ ಬಂದ್ ಮಾಡಬಹುದು. ಗೆಲ್ಲಲಿಕ್ಕೆ ನೆರಳು ಬೇಕಾಗಿಲ್ಲ.

ಆಡುವಾಗ ಬೇರೆ ಎಲ್ಲಾ ಮುಚ್ಚಬೇಕು. ಬ್ರೌಸರ್ ತೆರೆದಿದ್ದರೆ ಅರ್ಧ ಕಣ ಅದೇ ಹಿಡಿಯುತ್ತದೆ. ಲ್ಯಾಪ್‌ಟಾಪನ್ನು ಕೌದಿ ಮೇಲೆ ಇಟ್ಟುಕೊಂಡು ಆಡಬಾರದು. ಕೆಳಗಿನ ಗಾಳಿ ಕಿಂಡಿ ಮುಚ್ಚುತ್ತವೆ, ಬಿಸಿ ಆಗುತ್ತದೆ, ಸುಟ್ಟು ಹೋಗಬಾರದು ಎಂದು ಪ್ರೊಸೆಸರ್ ತಾನೇ ವೇಗ ಇಳಿಸುತ್ತದೆ. ಮಣೆ ಮೇಲೆ ಇಡಬೇಕು. ನಮ್ಮ ಕಡೆ ಬ್ಯಾಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಆವಾಗ ಮಧ್ಯಾಹ್ನ ಆಡುವುದೇ ಬ್ಯಾಡ. ಕರೆಂಟ್ ಹೋದಾಗ ಬ್ಯಾಟರಿ ಮೇಲೂ ವೇಗ ಕಡಿಮೆ ಇರುತ್ತದೆ. ಮತ್ತು ಆ ಬ್ಯಾಟರಿ ಅಕ್ಕನ ಅಭ್ಯಾಸಕ್ಕೆ ಬೇಕು.

ಇಷ್ಟು ಮಾಡಿದರೂ ಸಾಲದಿದ್ದರೆ, ಹೊಸ ಲ್ಯಾಪ್‌ಟಾಪ್ ಕೇಳುವ ಮೊದಲು ಇದಕ್ಕೆ ರ್‍ಯಾಮ್ ಹೆಚ್ಚಿಗೆ ಹಾಕಲಿಕ್ಕೆ ಬರುತ್ತದೇನು, ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಲಿಕ್ಕೆ ಬರುತ್ತದೇನು ಎಂದು ಅಂಗಡಿಯಲ್ಲಿ ಕೇಳಿರಿ. ಹೊಸದರ ಬೆಲೆಗೆ ಹೋಲಿಸಿದರೆ ಇದು ಎಷ್ಟೋ ಕಡಿಮೆ. ಕೆಲವು ಲ್ಯಾಪ್‌ಟಾಪಿನಲ್ಲಿ ರ್‍ಯಾಮ್ ಬೆಸುಗೆ ಹಾಕಿರುತ್ತಾರೆ, ಅವಕ್ಕೆ ಹಾಕಲಿಕ್ಕೆ ಬರುವುದಿಲ್ಲ. ರೊಕ್ಕ ಕೊಡುವ ಮೊದಲೇ ಕೇಳಬೇಕು.

ಈಗ ದೊಡ್ಡ ಆಟದ ಪಾರ್ಟಿಯ ಗೆಳೆಯರಿಗೆ

‘ಸಣ್ಣ ಆಟದಾಗ ಏನೈತಿ’ ಎಂದು ನೀವು ಕೇಳುತ್ತೀರಿ. 1989ರಲ್ಲಿ ಜೋರ್ಡನ್ ಮೆಕ್ನರ್ ಎಂಬಾತ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಆಟ ಮಾಡಿದ. ತನ್ನ ತಮ್ಮ ಓಡುವುದು, ಜಿಗಿಯುವುದನ್ನು ವಿಡಿಯೋ ತೆಗೆದು, ಅದನ್ನು ನೋಡಿ ಒಂದೊಂದು ಚಿತ್ರ ಬರೆದ. ಆಗಿನ ಕಂಪ್ಯೂಟರಿನ ಮೆಮೊರಿ ಬಹಳ ಸಣ್ಣದು. ಹೊಸ ವೈರಿಯ ಚಿತ್ರ ಇಡಲಿಕ್ಕೆ ಜಾಗವೇ ಉಳಿಯಲಿಲ್ಲ. ಆಗ ನಾಯಕನ ಚಿತ್ರವನ್ನೇ ಬದಲಿಸಿ ‘ನೆರಳು ಮನುಷ್ಯ’ ಎಂಬ ವೈರಿಯನ್ನು ಮಾಡಿದ. ಆ ಆಟದಲ್ಲಿ ಜನ ಇವತ್ತಿಗೂ ನೆನಪಿಡುವ ಪಾತ್ರ ಅದೇ. ಮೆಮೊರಿ ಕಡಿಮೆ ಇದ್ದದ್ದರಿಂದ ಆಟ ಕೆಡಲಿಲ್ಲ, ಛಲೋ ಆಯಿತು. ನಮ್ಮ ಗುರುಗಳಲ್ಲಿ ಯಾರಾದರೂ ತಾವು ಕಲಿಯುವಾಗ ಇದನ್ನು ಆಡಿರಬಹುದು, ಕೇಳಿ ನೋಡಿರಿ.

ದೊಡ್ಡ ಆಟದ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಬೆಂಗಳೂರಿನಲ್ಲೇ 1997ರಲ್ಲಿ ರಾಜೇಶ್ ರಾವ್ ಎಂಬವರು ‘ಧ್ರುವ ಇಂಟರ್‌ಆಕ್ಟಿವ್’ ಎಂಬ ಗೇಮ್ ಕಂಪನಿ ಕಟ್ಟಿದರು. ಭಾರತದ ಮೊದಮೊದಲಿನ ಗೇಮ್ ಕಂಪನಿಗಳಲ್ಲಿ ಅದೂ ಒಂದು. 2019ರಲ್ಲಿ ಅದನ್ನು ಕೊಂಡವರು ಯಾರು ಗೊತ್ತೇನು? ಜಿಟಿಎ ಮಾಡುವ ರಾಕ್‌ಸ್ಟಾರ್ ಕಂಪನಿಯವರು. ಅಂದರೆ ದೊಡ್ಡ ಆಟ ಮಾಡುವವರ ಜೊತೆ ನಮ್ಮ ರಾಜ್ಯದವರೂ ಕೆಲಸ ಮಾಡುತ್ತಾರೆ. ನನಗೂ ಅಂಥ ಕೆಲಸ ಕಲಿಯುವ ಆಸೆ ಇದೆ. ಆದರೆ ಕಲಿಯಲಿಕ್ಕೆ ಅರವತ್ತು ಸಾವಿರದ ಲ್ಯಾಪ್‌ಟಾಪ್ ಬೇಕಿಲ್ಲ. ‘ಸ್ಕ್ರ್ಯಾಚ್’ ಎಂಬುದು 2007ರಲ್ಲಿ ಅಮೆರಿಕದ ಎಂಐಟಿಯವರು ಮಕ್ಕಳಿಗಾಗಿ ಪುಕ್ಕಟೆ ಕೊಟ್ಟದ್ದು. ಅದರಲ್ಲಿ ತುಂಡು ತುಂಡು ಜೋಡಿಸಿ ನಮ್ಮ ಆಟ ನಾವೇ ಮಾಡಬಹುದು. ನೆಟ್ ಇಲ್ಲದೆ ನಡೆಯುವುದೂ ಸಿಗುತ್ತದೆ. ನಾನು ಅದರಲ್ಲಿ ಹುಲಿ-ಕುರಿ ಆಟ ಮಾಡಲು ಹತ್ತಿದ್ದೇನೆ. ಹುಲಿ ಜಿಗಿಯುತ್ತದೆ, ಆದರೆ ಕುರಿ ತಿಂದ ಮೇಲೂ ಕುರಿ ಅಲ್ಲೇ ನಿಂತಿರುತ್ತದೆ. ಸರಿ ಮಾಡಬೇಕು.

ಆಟ ಬೇಡ ಎನ್ನುವ ಹಿರಿಯರಿಗೆ

ನೀವು ಹೇಳುವುದರಲ್ಲಿ ಸತ್ಯ ಇದೆ. ಮೊಬೈಲ್ ಹಿಡಿದು ರಾತ್ರಿಯೆಲ್ಲಾ ಕುಂತವರನ್ನು ನಾನೂ ನೋಡಿದ್ದೇನೆ. ನಾನೂ ತಪ್ಪು ಮಾಡಿದ್ದೇನೆ, ಮೇಲೆ ಬರೆದಿದ್ದೇನೆ. ಆದರೆ ಬ್ಯಾಡ ಎಂದಷ್ಟೇ ಹೇಳಿದರೆ ನಾವು ಕದ್ದು ಆಡುತ್ತೇವೆ, ಕದ್ದು ಆಡುವವರ ಕೈಗೆ ಕದ್ದ ಆಟವೇ ಸಿಗುತ್ತದೆ. ಯಾವ ಆಟ, ಎಷ್ಟು ಹೊತ್ತು, ಯಾವ ಯಂತ್ರದಲ್ಲಿ ಎಂದು ನೀವೇ ಹೇಳಿಕೊಟ್ಟರೆ ನಾವು ಮುಂದೆ ಕುಂತೇ ಆಡುತ್ತೇವೆ.

ಅದಕ್ಕೇ ಮುಖ್ಯ ಗುರುಗಳಲ್ಲಿ ಒಂದು ವಿನಂತಿ. ನಮ್ಮ ಶಾಲೆಯಲ್ಲಿ ಬಟ್ಟೆ ಹೊದಿಸಿದ ಹಳೆಯ ಕಂಪ್ಯೂಟರ್ ಇವೆ. ಹೊಸ ಆಟಕ್ಕೆ ಅವು ಸಾಲುವುದಿಲ್ಲ ನಿಜ, ಆದರೆ ಟಕ್ಸ್ ಟೈಪಿಂಗ್, ಟಕ್ಸ್ ಮ್ಯಾಥ್‌ಗೆ ಸಾಲುತ್ತವೆ. ಶನಿವಾರ ಕೊನೆಯ ಪಿರಿಯಡ್ಡಿನಲ್ಲಿ ಅವನ್ನು ಹಾಕಿಕೊಟ್ಟರೆ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದ ಗೆಳೆಯರೂ ಕೀಬೋರ್ಡ್ ಮುಟ್ಟುತ್ತಾರೆ. ನಮ್ಮ ವರ್ಗದಲ್ಲಿ ಅಂಥವರೇ ಹೆಚ್ಚು. ಧೂಳು ಒರೆಸುವ ಕೆಲಸ ನಮ್ಮದು.

ಕಡೆಗೆ ನಮ್ಮ ಮನೆಯ ಮಾತು ಹೇಳಿ ಮುಗಿಸುತ್ತೇನೆ. ತೊಗರಿ ರಾಶಿ ಆದ ದಿನ ‘ಯಪ್ಪಾ, ಲ್ಯಾಪ್‌ಟಾಪ್ ಬ್ಯಾಡ. ಅಕ್ಕನ ಫೀ ತುಂಬು’ ಎಂದೆ. ಅಪ್ಪ ‘ಯಾಕೋ, ಆಟದ ಹುಚ್ಚು ಬಿಟ್ಟೇನು?’ ಎಂದು ಕೇಳಿದ. ‘ಬಿಟ್ಟಿಲ್ಲ, ನಮ್ಮ ಲ್ಯಾಪ್‌ಟಾಪಿನಾಗ ಓಡುವ ಆಟ ಹುಡುಕೇನಿ’ ಎಂದೆ. ಈಗ ವಾರದಲ್ಲಿ ಎರಡು ದಿನ, ದಿನಕ್ಕೆ ಒಂದು ತಾಸು, ಅಕ್ಕನ ಕೆಲಸ ಮುಗಿದ ಮೇಲೆ ಆಡುತ್ತೇನೆ. ಅಕ್ಕನ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಮಾಡಿ ಇಡುವ ಕೆಲಸ ನನ್ನದೇ.

ನನ್ನ ಮಾತು ಒಪ್ಪದವರು ಬರೆದು ಉತ್ತರ ಕೊಡಬಹುದು. ಈ ಹಾಳೆಯ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಚೆಂದ ಓಡಿದ ಆಟದ ಹೆಸರು, ಎಷ್ಟು ರ್‍ಯಾಮ್, ಎಷ್ಟು ಎಂಬಿ ಎಂದು ಪೆನ್ಸಿಲಿನಿಂದ ಬರೆಯಿರಿ. ಪೆನ್ನಿನಿಂದ ಬ್ಯಾಡ, ತಪ್ಪಾದರೆ ಅಳಿಸಲಿಕ್ಕೆ ಬರಬೇಕು. ನನ್ನ ಲೇಖನದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಏಳನೆಯ ವರ್ಗದ ವಿದ್ಯಾರ್ಥಿ